ಮಾತಾಡಿಸಿಕೊಂಡು ಬರುವುದು

ನಮ್ಮ ಕಡೆ ದವಾಖಾನೆಯಲ್ಲಿ ಮಲಗಿದವರನ್ನು ನೋಡಲು ಹೋಗುತ್ತೇವೆ ಎನ್ನುವುದಕ್ಕಿಂತ ಮಾತಾಡಿಸಿಕೊಂಡು ಬರುತ್ತೇವೆ ಎನ್ನುವುದೇ ಹೆಚ್ಚು. "ವೈನಿ ದವಾಖಾನ್ಯಾಗ ಅದಾರಂತ, ಹೋಗಿ ಮಾತಾಡಿಸಿಕೊಂಡು ಬರೂಣು ನಡೀರಿ" ಎಂದರೆ ಸಾಕು, ಗರಗದಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ನಾಲ್ಕು ಜನ ಹೆಂಗಸರು ಹತ್ತಿಬಿಡುತ್ತಾರೆ. ಕೈಯಲ್ಲೊಂದು ಚೀಲ. ಚೀಲದಲ್ಲಿ ಬ್ರೆಡ್ಡು, ಮೋಸಂಬಿ, ಒಂದು ಡಬ್ಬಿಯಲ್ಲಿ ಮೆತ್ತಗೆ ಬೇಯಿಸಿದ ಅನ್ನ, ತಿಳಿಸಾರು. ಅಲ್ಲಿಗೆ ಹೋದ ಮೇಲೆ ಬ್ಯಾನಿಯ ಮಾತು ಕಡಿಮೆ. ಮಳೆ ಎಷ್ಟಾಯಿತು, ಎಮ್ಮೆ ಈಯಿತೋ ಇಲ್ಲವೋ, ಮಡಿವಾಳೇಶ್ವರನ ಜಾತ್ರೆಗೆ ಯಾರು ಯಾರು ಬಂದಿದ್ದರು, ಯಾರ ಮನೆಗೆ ಕನ್ಯಾ ನೋಡಲು ಬಂದು ಏನೂ ಹೇಳದೆ ಹೋದರು, ಇಂಥವೇ. ಮಂಚದ ಮೇಲಿದ್ದವರು ನಡುವೆ ಒಮ್ಮೆ ನಕ್ಕರೆ ಬಂದ ಕೆಲಸವಾದಂತೆ.

ನೋಡುವುದು ಡಾಕ್ಟರರ ಕೆಲಸ, ಮಾತಾಡಿಸುವುದು ಮನೆಯವರ ಕೆಲಸ ಎಂದು ನಾವು ಹಂಚಿಕೊಂಡುಬಿಟ್ಟಿದ್ದೆವು. 2020ರಲ್ಲಿ ಈ ಹಂಚಿಕೆ ಕೆಟ್ಟಿತು. ಮನೆಯವರು ವಾರ್ಡಿನ ಬಾಗಿಲೊಳಗೆ ಕಾಲಿಡುವಂತಿಲ್ಲ. ಡಾಕ್ಟರರಾದರೂ ಎಲ್ಲರ ಮಂಚದ ಹತ್ತಿರ ದಿನಕ್ಕೆ ನಾಲ್ಕು ಸಲ ಬರುವಂತಿಲ್ಲ. ಆಗ ಡಾಕ್ಟರರು ಫೋನಿನಲ್ಲಿ ಬಂದರು.

ನನ್ನ ಚಿಗವ್ವ ಆ ವರ್ಷದ ಆಗಸ್ಟಿನಲ್ಲಿ ಹನ್ನೊಂದು ದಿನ ಶಹರದ ಒಂದು ಆಸ್ಪತ್ರೆಯಲ್ಲಿದ್ದಳು. ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ನೇಯುತ್ತಾರೆಂಬುದು ನಿಮಗೆ ಗೊತ್ತಿರಬಹುದು. ಆ ಬಟ್ಟೆಗೆ ವರ್ಷಗಟ್ಟಲೆ ನೂಲು ತೆಗೆದ ಕೈ ಅವಳದು. ಎಳೆ ತುಂಡಾದರೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ ಎನ್ನುವ ಪೈಕಿ. ಅಂಥವಳಿಗೆ ಆ ಹನ್ನೊಂದು ದಿನ ಮುಟ್ಟುವವರೆಲ್ಲ ರಬ್ಬರಿನ ಕೈಚೀಲ ಹಾಕಿಕೊಂಡವರು. ತಲೆಯಿಂದ ಕಾಲಿನವರೆಗೆ ಬಿಳಿಯ ಅಂಗಿ, ಕಣ್ಣಿಗೆ ಕನ್ನಡಕ, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಹೆಣ್ಣೋ ಗಂಡೋ ತಿಳಿಯದು. ಎದೆಯ ಮೇಲೆ ಸ್ಕೆಚ್ ಪೆನ್ನಿನಿಂದ ಹೆಸರು ಬರೆದುಕೊಂಡಿರುತ್ತಿದ್ದರಂತೆ, ಅದು ಇಂಗ್ಲಿಷಿನಲ್ಲಿ. ಚಿಗವ್ವನಿಗೆ ಕನ್ನಡ ಅಕ್ಷರವೇ ಅಷ್ಟಕ್ಕಷ್ಟೆ.

ಬೆಳಗಿನ ಹತ್ತರ ಸುಮಾರಿಗೆ ಒಬ್ಬ ನರ್ಸಬಾಯಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನು ಹಿಡಿದು ಮಂಚದಿಂದ ಮಂಚಕ್ಕೆ ಬರುತ್ತಿದ್ದರು. ಫೋನಿನಲ್ಲಿ ಡಾಕ್ಟರರು. ಅವರು ಅದೇ ಕಟ್ಟಡದ ಬೇರೆ ಮಜಲಿನಲ್ಲಿ ಕೂತಿದ್ದರಿಂದ ಮಾಸ್ಕು ಇರಲಿಲ್ಲ. "ಹ್ಯಾಂಗದೀರಿ ಯವ್ವಾ? ಊಟ ಮಾಡಿದ್ರೇನು? ಒಂದರಿಂದ ಇಪ್ಪತ್ತರತನಾ ಒಂದ ಉಸರಿನ್ಯಾಗ ಎಣಸ್ರಿ ನೋಡೂಣು." ಚಿಗವ್ವ ಮೊದಲ ದಿನ ಒಂಬತ್ತಕ್ಕೆ ನಿಂತಳಂತೆ, ಮನೆಗೆ ಬರುವ ಮುಂಚಿನ ದಿನ ಇಪ್ಪತ್ತೆರಡು ಎಣಿಸಿದಳಂತೆ. ಮನೆಗೆ ಬಂದ ಮೇಲೆ ಈ ಅಂಕಿಗಳನ್ನು ಅವಳು ಎಲ್ಲರಿಗೂ ಹೇಳಿದಳು, ಪರೀಕ್ಷೆಯ ಮಾರ್ಕ್ಸು ಹೇಳುವ ಹುಡುಗಿಯ ಹಾಗೆ. ಆಮೇಲೆ ಒಂದು ಮಾತು ಅಂದಳು: "ಹತ್ತರ ಬಂದಾವರ ಮಾರಿ ಕಾಣಲಿಲ್ಲ. ಮಾರಿ ಕಂಡಾಂವ ಹತ್ತರ ಬರಲಿಲ್ಲ."

ಫೋನಿನಲ್ಲಿ ಡಾಕ್ಟರರು ಬರುವುದರ ಬಗ್ಗೆ ನಾನು ಓದಿದ ಬರಹಗಳಲ್ಲಿ ಹೆಚ್ಚಿನವು ಅದನ್ನು ಅನುಕೂಲ ಎಂದಾದರೂ ಹೊಗಳುತ್ತವೆ, ಇಲ್ಲವೆ ಮನುಷ್ಯ ಸಂಬಂಧ ಹಾಳಾಯಿತೆಂದು ಮರುಗುತ್ತವೆ. ಚಿಗವ್ವನ ಮಾತು ಎರಡಕ್ಕೂ ಹೊಂದುವುದಿಲ್ಲ. ಆ ವಾರ್ಡಿನಲ್ಲಿ ಅವಳು ಕಂಡ ಒಂದೇ ಮನುಷ್ಯ ಮುಖ ದೂರದಲ್ಲಿದ್ದವರದು. ಆಫ್ರಿಕಾದಲ್ಲಿ ಎಬೋಲಾ ಹಬ್ಬಿದಾಗ, 2015ರಲ್ಲಿ, ಮೇರಿ ಬೆತ್ ಹೆಫರ್ನನ್ ಎಂಬ ಅಮೆರಿಕದ ಕಲಾವಿದೆ ಲೈಬೀರಿಯಾಕ್ಕೆ ಹೋಗಿ ಅಲ್ಲಿಯ ಡಾಕ್ಟರು, ನರ್ಸುಗಳ ನಗುಮುಖದ ಫೋಟೋ ತೆಗೆದು ಅವರ ರಕ್ಷಣಾ ಅಂಗಿಯ ಎದೆಗೆ ಅಂಟಿಸಿದ್ದಳು. ಒಳಗಿರುವುದು ಭೂತವಲ್ಲ, ಮನುಷ್ಯರು ಎಂದು ರೋಗಿಗೆ ತಿಳಿಯಲಿ ಅಂತ. ಕರೋನಾ ಕಾಲದಲ್ಲಿ ಬೇರೆ ದೇಶಗಳಲ್ಲೂ ಕೆಲವರು ಹೀಗೆ ಮಾಡಿದರು. ಖರ್ಚು ಎಷ್ಟು ಕಡಿಮೆ ನೋಡಿ.

ವೈದ್ಯರಿಗೂ ಹೆಂಗಸರಿಗೂ ನಡುವೆ ಏನಾದರೊಂದು ಅಡ್ಡ ಇರುವುದು ಇಂದು ನಿನ್ನೆಯದಲ್ಲ. ಕನ್ನಡದಲ್ಲಿ ಪರದೆ ಎಂದರೆ ಮರೆಮಾಡುವ ಬಟ್ಟೆಯೂ ಹೌದು, ಸಿನಿಮಾ ಕಾಣಿಸುವ ಬಟ್ಟೆಯೂ ಹೌದು. ಈಗ ಫೋನಿನ ಗಾಜಿಗೂ ಅದೇ ಹೆಸರು. ಹದಿನೇಳನೆಯ ಶತಮಾನದಲ್ಲಿ ಮೊಗಲರ ಕಾಲದ ಹಿಂದುಸ್ಥಾನದಲ್ಲಿ ವೈದ್ಯಕಿ ಮಾಡುತ್ತಿದ್ದ ಇಟಲಿಯ ಮನುಚ್ಚಿ ಎಂಬಾತ ಅಂತಃಪುರದ ಹೆಂಗಸರ ನಾಡಿಯನ್ನು ಪರದೆಯೊಳಗೆ ಕೈ ಚಾಚಿ ನೋಡಬೇಕಾಗುತ್ತಿತ್ತು. ಏನೂ ಬ್ಯಾನಿಯಿಲ್ಲದ ಹೆಂಗಸರೂ ಆಗಾಗ ಜಡ್ಡಿನ ಸೋಗು ಹಾಕುತ್ತಿದ್ದರೆಂದು ಆತ ಬರೆದಿದ್ದಾನೆ. ಯಾಕೆ? ಹೊರಗಿನವರೊಬ್ಬರ ಜೊತೆ ನಾಲ್ಕು ಮಾತು ಆಡಬಹುದು, ಅದಕ್ಕೆ. ಆತ ಇದನ್ನು ನಗೆಯ ಸಂಗತಿಯೆಂದು ಬರೆದಂತಿದೆ. ನನಗೆ ನಗು ಬರಲಿಲ್ಲ.

ಡಾಕ್ಟರರ ಕೊರಳಲ್ಲಿರುವ ಸ್ಟೆಥಾಸ್ಕೋಪಿನ ಕತೆಯೂ ಇಂಥದೇ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯನ ಹತ್ತಿರ ಎದೆಯ ಬೇನೆಯ ಒಬ್ಬ ತರುಣಿ ಬಂದಳು. ಆಗಿನ ಪದ್ಧತಿಯಂತೆ ಎದೆಗೆ ಕಿವಿ ಹಚ್ಚಿ ಕೇಳಬೇಕು. ಅವಳ ಪ್ರಾಯ ನೋಡಿ ಆತನಿಗೆ ಸಂಕೋಚವಾಯಿತು. ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ಒಂದು ತುದಿಯನ್ನು ಎದೆಗೆ, ಇನ್ನೊಂದನ್ನು ತನ್ನ ಕಿವಿಗೆ ಹಿಡಿದ. ಕಿವಿ ಹಚ್ಚಿದ್ದಕ್ಕಿಂತ ಸ್ಪಷ್ಟವಾಗಿ ಎದೆಬಡಿತ ಕೇಳಿಸಿತು. ದೂರ ಸರಿದದ್ದರಿಂದಲೇ ಹೆಚ್ಚು ಕೇಳಿಸಿತು ಎನ್ನುವುದನ್ನು ಗಮನಿಸಿ. ಆ ತರುಣಿಗೆ ಏನನಿಸಿತೋ, ಅದನ್ನು ಮಾತ್ರ ಯಾರೂ ಕೇಳಿ ಬರೆದಿಟ್ಟಂತಿಲ್ಲ.

ಟೆಲಿಫೋನು ಬಂದದ್ದು 1876ರಲ್ಲಿ. ಮೂರೇ ವರ್ಷಕ್ಕೆ, 1879ರಲ್ಲಿ, ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂತು. ರಾತ್ರಿಯ ಹೊತ್ತು ಮಗುವಿನ ಕೆಮ್ಮು ಕೇಳಿ ಗಾಬರಿಯಾದವರು ಡಾಕ್ಟರರಿಗೆ ಫೋನು ಮಾಡಿದರು. ಡಾಕ್ಟರರು ಮಗುವನ್ನು ಫೋನಿನ ಹತ್ತಿರ ತರಲು ಹೇಳಿ, ಕೆಮ್ಮು ಕೇಳಿ, ಇದು ಗಂಟಲು ಕಟ್ಟುವ ಕೆಟ್ಟ ಬೇನೆಯಲ್ಲ ಎಂದು ಧೈರ್ಯ ಹೇಳಿದರು. ಎಲ್ಲರೂ ನೆಮ್ಮದಿಯಾಗಿ ಮಲಗಿದರು. 1905ರಲ್ಲಿ ಹಾಲೆಂಡಿನ ಐಂತೋವನ್ ಆಸ್ಪತ್ರೆಯ ರೋಗಿಗಳ ಎದೆಬಡಿತದ ಗೆರೆಗಳನ್ನು ತಂತಿಯ ಮೂಲಕ ಒಂದೂವರೆ ಕಿಲೋಮೀಟರು ದೂರದ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡ. ಕಾರಣ ಸರಳ. ಅವನ ಯಂತ್ರ ಎತ್ತಿ ಒಯ್ಯಲಾರದಷ್ಟು ದೊಡ್ಡದು, ರೋಗಿಗಳನ್ನು ಅಲ್ಲಿಗೆ ತರುವುದೂ ಕಷ್ಟ.

ನಮ್ಮ ಕಡೆಯ ಅಜ್ಜಿಯರಿಗೆ ಮಾತ್ರ ಡಾಕ್ಟರು ದೂರ ಇದ್ದುದಕ್ಕಿಂತ ಹತ್ತಿರ ಬಂದದ್ದೇ ಹೆದರಿಕೆಯಾಗಿತ್ತು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡು ರೈಲಿನ ದಾರಿ ಹಿಡಿದು ಈ ಕಡೆ ಬಂತು. ಧಾರವಾಡ ಆಗ ಮುಂಬಯಿ ಪ್ರಾಂತದ ಜಿಲ್ಲೆ. ಹುಬ್ಬಳ್ಳಿಯಲ್ಲಿ 1898ರ ಹಾವಳಿ ದೊಡ್ಡದು. ಹಾಫ್ಕಿನ್ ಕಂಡುಹಿಡಿದ ಲಸಿಕೆಯನ್ನು ಅಲ್ಲಿ ಸಾವಿರಗಟ್ಟಲೆ ಜನರಿಗೆ ಹಾಕಿದರು. ಪ್ಲೇಗಿನ ಗಡ್ಡೆ ಏಳುವುದು ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ. ಅದನ್ನು ನೋಡುವ ಅಧಿಕಾರ ಸರಕಾರಕ್ಕೆ, ನೋಡುವವರು ಗಂಡಸರು. ಪುಣೆಯಲ್ಲಿ ಸೋಲ್ಜರರು ಮನೆ ಹೊಕ್ಕು ಶೋಧ ಮಾಡಿದ್ದು ಎಷ್ಟು ಸಿಟ್ಟು ಹುಟ್ಟಿಸಿತೆಂದರೆ 1897ರ ಜೂನ್ 22ರಂದು ಚಾಫೇಕರ ಬಂಧುಗಳು ಪ್ಲೇಗಿನ ಅಧಿಕಾರಿ ರ‍್ಯಾಂಡನಿಗೆ ಗುಂಡು ಹಾಕಿದರು. ಇದನ್ನು ನಾವು ಸ್ವಾತಂತ್ರ್ಯದ ಇತಿಹಾಸದಲ್ಲಿ ಓದುತ್ತೇವೆ. ಅದು ಹೆಂಗಸರ ಮೈ ಪರೀಕ್ಷೆಯ ಇತಿಹಾಸವೂ ಹೌದೆಂದು ಯಾವ ಮಾಸ್ತರರೂ ನಮಗೆ ಹೇಳಲಿಲ್ಲ. ಅದೇ 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಮತ್ತೆ ಹೊರಗೆ ತೆಗೆದದ್ದು.

ಹೆಂಗಸರನ್ನು ಹೆಂಗಸರೇ ನೋಡಬೇಕೆಂಬ ಬೇಡಿಕೆಗೂ ಇದೇ ಬೇರು. 1880ರ ದಶಕದ ಆರಂಭದಲ್ಲಿ ಪನ್ನಾದ ಮಹಾರಾಣಿ ತನಗೆ ಶುಶ್ರೂಷೆ ಮಾಡಿದ ಮಿಸ್ ಬೀಲ್ಬಿ ಎಂಬಾಕೆಯ ಕೈಯಲ್ಲಿ ವಿಕ್ಟೋರಿಯಾ ರಾಣಿಗೆ ಹೇಳಿಕಳಿಸಿದಳು: ಹಿಂದುಸ್ಥಾನದ ಹೆಂಗಸರು ಬೇನೆ ಬಂದಾಗ ಪಡುವ ಪಾಡನ್ನು ನಿಮ್ಮ ರಾಣಿಗೆ ತಿಳಿಸು. 1885ರಲ್ಲಿ ಲೇಡಿ ಡಫರಿನ್ ನಿಧಿ ಶುರುವಾಯಿತು. ಬೇನೆಬಿದ್ದ ಹೆಂಗಸಿನ ಮಾತು ಮುಟ್ಟಬೇಕಾದವರಿಗೆ ಮುಟ್ಟಲು ನಡುವೆ ಇನ್ನೊಬ್ಬ ಹೆಂಗಸು ಬೇಕಾಯಿತು. ಇದನ್ನು ಸ್ವಲ್ಪ ನೆನಪಿಡಿ.

ಹುಬ್ಬಳ್ಳಿಯಲ್ಲಿ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ತೆರೆದ ಮೇಲೆ ನಮ್ಮ ಸುತ್ತಿನ ಹಳ್ಳಿಗಳಿಗೆ 'ರೌಂಡ್ಸ್' ಎಂಬ ಮಾತು ಬಂತು. ಆ ಆಸ್ಪತ್ರೆ ಜನರ ಬಾಯಲ್ಲಿ ಕೆ.ಎಂ.ಸಿ. ಆಗಿ, ಕಿಮ್ಸ್ ಆಗಿ, ಈಗ ಕೆ.ಎಂ.ಸಿ.ಆರ್.ಐ. ಆಗಿದೆ. ರೌಂಡ್ಸ್ ಮಾತ್ರ ಬದಲಾಗಿಲ್ಲ. ಯಾವುದೇ ದೊಡ್ಡ ದವಾಖಾನೆಯಲ್ಲಿ ಮಲಗಿದವರಿಗೆ ಗೊತ್ತು. ಮುಂದೆ ದೊಡ್ಡ ಡಾಕ್ಟರು, ಹಿಂದೆ ಸಣ್ಣ ಡಾಕ್ಟರರು, ಅವರ ಹಿಂದೆ ಕಲಿಯುವ ಹುಡುಗ ಹುಡುಗಿಯರು. ಮನೆಯವರನ್ನೆಲ್ಲ ಹೊರಗೆ ಹಾಕಿರುತ್ತಾರೆ. ಮಂಚದ ಸುತ್ತ ಹತ್ತು ಜನ ನಿಂತು ಮೇಲಿನಿಂದ ಮೇಲೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಸೆರಗು ಸರಿಸು ಎನ್ನುತ್ತಾರೆ, ಹೊಟ್ಟೆ ಒತ್ತುತ್ತಾರೆ, ಒಂದು ಕಾಗದದ ಮೇಲೆ ಏನೋ ಗೀಚಿ ಮುಂದಿನ ಮಂಚಕ್ಕೆ ಹೋಗುತ್ತಾರೆ. ಅವರು ಹೋದ ಮೇಲೆ ನರ್ಸಬಾಯಿಯ ಕೈ ಹಿಡಿದು, "ಏನಂದ್ರವ್ವಾ ಅವರು?" ಎಂದು ಕೇಳಬೇಕು. ಡಾಕ್ಟರು ಹತ್ತಿರ ಬರುವುದೆಂದರೆ ಇದು. ಫೋನಿನ ಡಾಕ್ಟರರನ್ನು ಬಯ್ಯುವ ಮೊದಲು ಈ ಹತ್ತಿರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕರ್ನಾಟಕದಲ್ಲಿ ಪರದೆಯ ಮೇಲೆ ಡಾಕ್ಟರು ಬರತೊಡಗಿದ್ದು ಕರೋನಾದಿಂದಲ್ಲ, ಉಪಗ್ರಹದಿಂದ. 2000ದಲ್ಲಿ ಆಂಧ್ರದ ಅರಗೊಂಡ ಎಂಬ ಹಳ್ಳಿಯ ಅಪೊಲೊ ಆಸ್ಪತ್ರೆಯನ್ನು ಚೆನ್ನೈಗೆ ಜೋಡಿಸಿದರು. 2002ರಲ್ಲಿ ಇಸ್ರೋದ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ, ಹೆಗ್ಗಡದೇವನಕೋಟೆ ಕಡೆಯ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿದರು. ಕಾಡಂಚಿನ ಸರಗೂರಿನಲ್ಲಿ ಎದೆ ಹಿಡಿದುಕೊಂಡು ಬಂದವರ ಇಸಿಜಿಯನ್ನು ಬೆಂಗಳೂರಿನ ಹೃದಯತಜ್ಞರು ಅಲ್ಲೇ ಕೂತು ನೋಡಿ, ಇಲ್ಲಿಯ ಡಾಕ್ಟರಿಗೆ ಹೇಳುತ್ತಿದ್ದರು. ರೋಗಿಯನ್ನು ಜೀಪಿನಲ್ಲಿ ಹಾಕಿಕೊಂಡು ಓಡುವುದೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ ಅಷ್ಟು ಸಾಕು. ಎದೆನೋವಿನಲ್ಲಿ ಮೊದಲ ಕೆಲವು ತಾಸುಗಳೇ ಮುಖ್ಯ ಎಂಬುದು ಈಗ ಎಲ್ಲರಿಗೂ ಗೊತ್ತು.

2020ರಲ್ಲಿ ಮಾರ್ಚ್ 25ರಂದು ಕೇಂದ್ರ ಸರಕಾರ ದೂರದಿಂದ ವೈದ್ಯಕೀಯ ಸಲಹೆ ಕೊಡುವ ನಿಯಮಗಳನ್ನು ಪ್ರಕಟಿಸಿತು. ಏಪ್ರಿಲ್‌ನಲ್ಲಿ ಇ-ಸಂಜೀವಿನಿ ಮನೆಮನೆಗೆ ತೆರೆಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಕೂತ ತಜ್ಞರು ಜಿಲ್ಲೆಗಳ ಐಸಿಯುಗಳಿಗೆ ವಿಡಿಯೋದಲ್ಲಿ ರೌಂಡ್ಸ್ ಬರುವ ವ್ಯವಸ್ಥೆಯನ್ನು ಕರ್ನಾಟಕ ಸರಕಾರ ಮಾಡಿತು, ಟೆಲಿ-ಐಸಿಯು ಅಂತ. ಬೆಂಗಳೂರಿನಲ್ಲೇ ತಯಾರಾದ 'ಮಿತ್ರ' ಎಂಬ ರೋಬೋ ನೊಯ್ಡಾದ ಒಂದು ಆಸ್ಪತ್ರೆಯಲ್ಲಿ ತನ್ನ ಎದೆಯ ಮೇಲಿನ ಪರದೆಯಲ್ಲಿ ಮನೆಯವರನ್ನು ತೋರಿಸುತ್ತ ಮಂಚಗಳ ನಡುವೆ ಓಡಾಡುತ್ತಿತ್ತು. ನಮ್ಮ ಚಿಗವ್ವನಿಗೆ ರೋಬೋ ಸಿಗಲಿಲ್ಲ, ನರ್ಸಬಾಯಿ ಸಿಕ್ಕರು. ಅದೇ ಚಲೋ ಆಯಿತೆಂದು ನನ್ನ ಅಭಿಪ್ರಾಯ.

ಯಾಕೆಂದರೆ ಫೋನಿನಲ್ಲಿ ಡಾಕ್ಟರರು ಬಂದರು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಫೋನು ತಾನಾಗಿ ಬರುವುದಿಲ್ಲ. ಅದನ್ನು ಹಿಡಿದ ಕೈಯೊಂದು ಇರುತ್ತದೆ. ಚಿಗವ್ವನಿಗೆ ಮೊದಲೇ ಕಿವಿ ಮಂದ, ಆಕ್ಸಿಜನ್ನಿನ ಬುರುಬುರು ಸದ್ದು ಬೇರೆ. ಡಾಕ್ಟರರ ಮಾತು ಅರ್ಧಕ್ಕರ್ಧ ಕೇಳಿಸದು. ಮೊದಲೆರಡು ದಿನ ಬೇರೆ ಯಾರೋ ಫೋನು ಹಿಡಿದಿದ್ದರು. ಅವರ ಕೈ ಓರೆಯಾಗಿ ಡಾಕ್ಟರರಿಗೆ ಚಿಗವ್ವನ ಬದಲು ಮೇಲಿನ ಫ್ಯಾನು ಕಾಣುತ್ತಿತ್ತಂತೆ. ಅವರು ಏನು ಕೇಳಿದರೂ ಇವಳು "ಹೂಂ" ಎನ್ನುತ್ತಿದ್ದಳು. ಎದೆನೋವು ಅದ ಏನು? ಹೂಂ. ಇಲ್ಲ ಏನು? ಹೂಂ. ಮೂರನೆಯ ದಿನದಿಂದ ಬಂದಾಕೆ ಹಾಗಲ್ಲ. ಫೋನನ್ನು ಚಿಗವ್ವನ ಕಣ್ಣಿನ ಮಟ್ಟಕ್ಕೆ ಹಿಡಿಯುವುದು, ಡಾಕ್ಟರರ ಒಂದೊಂದು ಮಾತನ್ನೂ ಕಿವಿಯ ಹತ್ತಿರ ಬಾಗಿ ನಮ್ಮ ಮಾತಿನಲ್ಲಿ ಒದರಿ ಹೇಳುವುದು, ಇವಳ ಉತ್ತರವನ್ನು ಅವರಿಗೆ ತಿರುಗಿಸುವುದು. "ನಿನ್ನೆ ಎರಡ ಸಲ ಎದ್ದ ಕೂತಾರ್ರೀ ಸರ್, ನನಗ ಹೇಳವಲ್ರು, ನಾಚ್ತಾರ" ಎಂದು ತಾನು ಕಂಡದ್ದನ್ನೂ ಸೇರಿಸುವುದು. ಆಕೆಯ ಮುಖವನ್ನು ಚಿಗವ್ವ ಇಂದಿಗೂ ನೋಡಿಲ್ಲ. ಮಾತಿನ ಧಾಟಿಯಿಂದ ಗದಗಿನ ಕಡೆಯಾಕೆ ಇರಬೇಕೆಂದು ಅವಳ ಲೆಕ್ಕ.

ಒಂದು ದಿನ ಫೋನು ಬರಲೇ ಇಲ್ಲ. ನೆಟ್‌ವರ್ಕ್ ಇರಲಿಲ್ಲವೋ, ಡಾಕ್ಟರರಿಗೆ ಬಿಡುವಾಗಲಿಲ್ಲವೋ. ಅಂದು ಗುಳಿಗೆ ತಪ್ಪಿರಲಿಲ್ಲ, ಸೂಜಿ ತಪ್ಪಿರಲಿಲ್ಲ, ಆಕ್ಸಿಜನ್ನೂ ತಪ್ಪಿರಲಿಲ್ಲ. ಆದರೂ ತನ್ನನ್ನು ಬಿಟ್ಟುಬಿಟ್ಟರೆಂದು ಚಿಗವ್ವ ಸಂಜೆಯತನಕ ಗೋಡೆಯ ಕಡೆ ಮುಖ ಮಾಡಿ ಅತ್ತಳಂತೆ. ಬಾಜೂ ಮಂಚದಾಕೆಯನ್ನು ಹಿಂದಿನ ರಾತ್ರಿ ಎತ್ತಿಕೊಂಡು ಹೋಗಿದ್ದರು, ಮತ್ತೆ ತಂದಿರಲಿಲ್ಲ. ಎರಡು ನಿಮಿಷದ ಆ ಭೇಟಿಯಲ್ಲಿ ಔಷಧಿಯ ಪಾಲು ಎಷ್ಟು, ನೀನಿನ್ನೂ ಲೆಕ್ಕದಲ್ಲಿದ್ದೀ ಎಂದು ಹೇಳುವ ಪಾಲು ಎಷ್ಟು ಎಂಬುದು ಆ ದಿನ ತಿಳಿಯುತ್ತದೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ಕರೋನಾಕ್ಕೆ ಎಷ್ಟೋ ಮೊದಲೇ, 2003-04ರ ಸುಮಾರಿಗೆ, ಆಪರೇಶನ್ ಆದ ರೋಗಿಗಳ ಮಂಚದ ಹತ್ತಿರ ಪರದೆಯಿರುವ ಯಂತ್ರವನ್ನು ಕಳಿಸಿ ನೋಡಿದ್ದರು. ಬೇರೆ ಡಾಕ್ಟರು ಖುದ್ದಾಗಿ ಬರುವುದಕ್ಕಿಂತ ತಮ್ಮ ಡಾಕ್ಟರೇ ಪರದೆಯ ಮೇಲೆ ಬಂದರೆ ಚಲೋ ಎಂದವರು ಸುಮಾರು ಅರ್ಧದಷ್ಟು ಜನ. ಹಳ್ಳಿಯವರಿಗೆ ಈ ಮಾತು ಆಶ್ಚರ್ಯವಲ್ಲ. ನಮಗೂ ಬೇಕಾದದ್ದು ಗುರುತಿನ ಮುಖ.

ಈಗ ಗರಗದ ಸುತ್ತಿನ ಹಳ್ಳಿಗಳಲ್ಲಿ ಕರೋನಾದ ಹೆದರಿಕೆ ಹೋಗಿದೆ, ಫೋನಿನ ಡಾಕ್ಟರು ಉಳಿದಿದ್ದಾರೆ. ಉಪಕೇಂದ್ರಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಿಟ್ಟು, ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆ ಮಾಡಿ, ಅಲ್ಲಿಂದ ಇ-ಸಂಜೀವಿನಿಯಲ್ಲಿ ದೊಡ್ಡ ಡಾಕ್ಟರರಿಗೆ ತೋರಿಸುತ್ತಾರೆ. ಬಿ.ಪಿ., ಸಕ್ಕರೆ ಇದ್ದವರಿಗೆ ಧಾರವಾಡದ ಬಸ್ ಚಾರ್ಜು ಉಳಿಯುತ್ತದೆ, ಕೂಲಿಯವರಿಗೆ ಒಂದು ದಿನದ ಪಗಾರ ಉಳಿಯುತ್ತದೆ. ಇದು ಸಣ್ಣ ಮಾತಲ್ಲ. ಆದರೆ ಹೆಂಗಸರ ಬೇನೆಯಲ್ಲಿ ಒಂದು ತೊಡಕಿದೆ. ಮನೆಯಲ್ಲಿ ಫೋನು ಇರುವುದು ಮಗನ ಕೈಯಲ್ಲಿ, ಇಲ್ಲವೆ ಮೈದುನನ ಕೈಯಲ್ಲಿ. ಬಿಳಿ ಹೋಗುವುದು, ಗರ್ಭಕೋಶ ಜಾರಿದ್ದು, ಉಚ್ಚೆ ತಡೆಯಲಾಗದ್ದು, ಇವನ್ನೆಲ್ಲ ಮಗ ಹಿಡಿದ ಫೋನಿಗೆ ಯಾವ ತಾಯಿ ಹೇಳುತ್ತಾಳೆ? "ಹೊಟ್ಟಿನೋವ್ರೀ" ಎಂದು ಹೇಳುತ್ತಾಳೆ. ಡಾಕ್ಟರರು ಹೊಟ್ಟೆನೋವಿನ ಗುಳಿಗೆ ಬರೆಯುತ್ತಾರೆ. ಹೊಟ್ಟೆ ಮುಟ್ಟಿ ನೋಡಿದ್ದರೆ ಕೈಗೆ ಹತ್ತುತ್ತಿತ್ತೋ ಏನೋ, ಗಾಜಿಗೆ ಹತ್ತುವುದಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಒಬ್ಬಾಕೆಯ ಜೊತೆ ನಾನು ಅಂಥ ಒಂದು ಉಪಕೇಂದ್ರಕ್ಕೆ ಹೋಗಿದ್ದೆ. ಅವಳ ಮಗ ಮೋಟರ್ ಸೈಕಲ್ ಮೇಲೆ ಕರೆತಂದಿದ್ದ. ಪರದೆಯ ಮೇಲೆ ಒಬ್ಬ ಡಾಕ್ಟರಮ್ಮ ಬಂದರು. ಈಕೆ ಎಂದಿನಂತೆ ಹೊಟ್ಟೆನೋವಿನಿಂದ ಶುರು ಮಾಡಿದಳು. ಅಲ್ಲಿಯ ಆರೋಗ್ಯ ಅಧಿಕಾರಿ ಇಪ್ಪತ್ತಾರು-ಇಪ್ಪತ್ತೇಳರ ಹುಡುಗಿ. ಒಂದು ಕ್ಷಣ ಈಕೆಯ ಮುಖ ನೋಡಿ, ಹುಡುಗನಿಗೆ, "ತಮ್ಮಾ, ಹೊರಗ ಅಂಗಡ್ಯಾಗ ಎರಡ ಬಿಳಿ ಹಾಳಿ ತಗೊಂಡ ಬಾರಪಾ, ಚೀಟಿ ಬರಿಯಾಕ ಬೇಕು" ಎಂದಳು. ಮೇಜಿನ ಮೇಲೆ ಹಾಳೆಯ ಕಟ್ಟೇ ಇತ್ತು. ಅವನು ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಕ್ಯಾಮೆರಾವನ್ನು ಗೋಡೆಯ ಕಡೆ ತಿರುಗಿಸಿ, "ಈಗ ಹೇಳ್ರಿ ಅಕ್ಕಾರ, ಅವರಿಗೆ ನಿಮ್ಮ ದನಿ ಅಷ್ಟ ಕೇಳತೈತಿ" ಎಂದಳು. ಎರಡು ವರ್ಷದಿಂದ ಹೊತ್ತುಕೊಂಡು ತಿರುಗಿದ್ದನ್ನು ಈಕೆ ಗೋಡೆ ನೋಡುತ್ತಲೇ ಹೇಳಿದಳು. ನಡುವೆ ಎರಡು ಸಲ ಲೈನು ಹರಿಯಿತು. ಎರಡೂ ಸಲ ಆ ಹುಡುಗಿ ಮತ್ತೆ ಹಚ್ಚಿದಳು. ಎರಡನೆಯ ಸಲ ಹಚ್ಚಿದಾಗ ಡಾಕ್ಟರಮ್ಮ ಬೇನೆಯ ಮಾತಿಗೆ ಬರುವ ಮೊದಲು, "ಏನ್ರಿ, ಅಲ್ಲಿ ಮಳಿ ಜೋರ ಐತೇನು? ಇಲ್ಲೂ ಹತ್ಯದ" ಎಂದರು.